ಬಾಯಿಗೆ ಒಂದು ಗೇಣು

"ಕೈ ಯಾವ ಕೋನದಲ್ಲಿ ನಿಲ್ಲಬೇಕು, ಅದನ್ನ ನೀವೇ ಹೇಳಬೇಕಮ್ಮ" ಎಂದು ಮೂಳೆ ಡಾಕ್ಟರು ಕೇಳಿದಾಗ ಮಡಿಕೆಯಕ್ಕ ಹಿಂದಕ್ಕೆ ತಿರುಗಿ ನೋಡಿದಳು. ಬೆನ್ನ ಹಿಂದೆ ನಿಂತ ಇನ್ಯಾರನ್ನೋ ಕೇಳುತ್ತಿರಬೇಕು ಅಂದುಕೊಂಡಳು. ಹಿಂದೆ ಗೋಡೆ ಬಿಟ್ಟು ಯಾರೂ ಇರಲಿಲ್ಲ. ನಲವತ್ತನಾಲ್ಕು ವರ್ಷ ಬದುಕಿದ ಮೇಲೆ, ಅವಳ ಮೈಯ ವಿಚಾರವನ್ನು ಅವಳನ್ನೇ ಕೇಳಿದವರು ಇವರೇ ಮೊದಲಿಗರು.

"ನಾನಾ?" ಅಂದಳು.

"ಮತ್ತಿನ್ಯಾರು? ಕೈ ನಿಮ್ದು ತಾನೆ?"

ಅದು ನಿಜಕ್ಕೂ ಯಾರ ಕೈ ಎಂಬುದರ ಬಗ್ಗೆ ಅವಳಿಗೇ ಅನುಮಾನವಿತ್ತು. ಇಪ್ಪತ್ತಾರು ವರ್ಷ ಆ ಬಲಗೈ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿತ್ತು. ನಾಲ್ಕು ಆಸ್ಪತ್ರೆ, ಏಳೆಂಟು ಹೋಟೆಲುಗಳ ಹಾಸಿಗೆ ಬಟ್ಟೆಗಳು ಅಲ್ಲಿಗೆ ಬರುತ್ತಿದ್ದವು. ರಕ್ತ, ಕೀವು, ಸಾಸಿವೆಯಷ್ಟೂ ಮರ್ಯಾದೆ ಉಳಿಸದ ಎಲ್ಲ ಬಗೆಯ ಕಲೆಗಳೂ ಕುದಿಯುವ ನೀರಿನಲ್ಲಿ ಮುಳುಗೆದ್ದು, ಲಾರಿಯಷ್ಟು ಉದ್ದದ ಇಸ್ತ್ರಿ ಮಿಷನ್ನಿನ ಬಿಸಿ ಉರುಳೆಗಳ ನಡುವೆ ಹಾದು, ಹಪ್ಪಳದ ಹಾಗೆ ಗರಿಗರಿಯಾಗಿ ಈ ಕಡೆ ಬೀಳುತ್ತಿದ್ದವು. ಈ ಕಡೆ ನಿಂತು ಅವನ್ನು ಮಡಚುತ್ತಿದ್ದವಳೇ ಮಡಿಕೆಯಕ್ಕ. ಅವಳಿಗೂ ಒಂದು ಹೆಸರಿತ್ತು. ಅದು ಹಾಜರಿ ಪುಸ್ತಕದಲ್ಲೇ ಉಳಿದುಕೊಂಡಿತ್ತು.

ಅಲ್ಲಿನ ಮಡಿಕೆಗೆ ಅಳತೆಪಟ್ಟಿ ಇಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಮೇಜಿನ ಮೇಲೆ ನೇರ ಚಾಚಿ, ಬಟ್ಟೆಯ ಮೇಲೆ ಒಂದೇ ಸಲ ಎಳೆಯಬೇಕು. ಮೊಣಕೈಯಿಂದ ಬೆರಳಿನ ಗೆಣ್ಣಿನವರೆಗಿನ ಉದ್ದವೇ ಒಂದು ಮಡಿಕೆ. ಆಸ್ಪತ್ರೆಯ ಕಪಾಟಿನ ಅಗಲವೂ ಅಷ್ಟೇ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಮೊದಲ ತಿಂಗಳು ಇದೇ ಪಾಠ: ಕೈಯನ್ನು ಬಡಗಿಯ ಮೂಲೆಮಟ್ಟದ ಹಾಗೆ ಹಿಡಿ. ಮನೆಗೆ ಹೋಗಿ ಮಲಗಿದರೂ ಕೈ ಹಾಗೆಯೇ ನಿಂತಿರಬೇಕು. ಮಡಿಕೆಯಕ್ಕನ ಕೈ ಮಲಗಿದಾಗಲೂ ಹಾಗೆಯೇ ಇರುತ್ತಿತ್ತು.

ಅಲ್ಲಿನ ಇನ್ನೊಂದು ಪದ್ಧತಿಯನ್ನು ಯಾರೂ ಪಾಠ ಮಾಡುತ್ತಿರಲಿಲ್ಲ, ಎಲ್ಲರೂ ಕಲಿಯುತ್ತಿದ್ದರು. ಇಸ್ತ್ರಿ ಮಿಷನ್ನಿನ ಪಕ್ಕದಲ್ಲಿ ಸರಪಳಿ ಓಡುವ ಜಾಗಕ್ಕೆ ಒಂದು ತಗಡಿನ ಬಾಗಿಲು. ಬಾಗಿಲು ತೆಗೆದರೆ ಒಳಗಿನ ಸ್ವಿಚ್ಚು ಬಿಟ್ಟುಕೊಂಡು ಮಿಷನ್ ನಿಲ್ಲಬೇಕು. ಆದರೆ ಬಟ್ಟೆಯ ನೂಲುಧೂಳು ಗಂಟೆಗೊಮ್ಮೆ ಆ ಸರಪಳಿಗೆ ಮುದ್ದೆ ಮುದ್ದೆಯಾಗಿ ಸುತ್ತಿಕೊಳ್ಳುತ್ತಿತ್ತು. ನಿಲ್ಲಿಸಿ, ತೆಗೆದು, ಮತ್ತೆ ಉರುಳೆ ಕಾಯಿಸುವಷ್ಟರಲ್ಲಿ ಹನ್ನೊಂದು ನಿಮಿಷ. ಹನ್ನೊಂದು ನಿಮಿಷಕ್ಕೆ ಹದಿನಾರು ಹಾಸಿಗೆ ಬಟ್ಟೆ ಕಮ್ಮಿ. ಹಾಗಾಗಿ ಬೆಳಗಿನ ಪಾಳಿಗೆ ಮೊದಲು ಬಂದವಳು ಹರಿದ ಹಾಸಿನಿಂದ ಒಂದು ಪಟ್ಟಿ ಸೀಳಿ ಆ ಸ್ವಿಚ್ಚನ್ನು ಒತ್ತಿ ಕಟ್ಟಿಬಿಡುತ್ತಿದ್ದಳು. ಬಾಗಿಲು ತೆರೆದೇ ಇರಲಿ, ಮಿಷನ್ ಓಡುತ್ತಲೇ ಇರಲಿ. ಆ ಪಟ್ಟಿಗೆ ಹೆಂಗಸರು ಇಟ್ಟ ಹೆಸರು ಬಾಯಿಪಟ್ಟಿ. ಸ್ವಿಚ್ಚಿನ ಬಾಯಿ ಮುಚ್ಚಿಸುವ ಪಟ್ಟಿ.

ಸೂಪರ್‌ವೈಸರ್ ಅದನ್ನು ಕಟ್ಟಿ ಎಂದು ಒಂದು ದಿನವೂ ಹೇಳಿದವನಲ್ಲ. ಅವನು ಕೇಳುತ್ತಿದ್ದುದು ಒಂದೇ ಮಾತು: "ಗಂಟೆಗೆಷ್ಟು?" ಅದನ್ನೇ ದಿನಕ್ಕೆ ಎಂಟು ಸಲ ಕೇಳಿ ಕೇಳಿ ಅವನಿಗೆ ಬೆನ್ನ ಹಿಂದೆ ಗಂಟೆಗೆಷ್ಟು ಎಂದೇ ಹೆಸರಾಗಿತ್ತು. ಪಟ್ಟಿ ಕಟ್ಟದ ದಿನ ಅವನ ಮುಖ ಹರಳೆಣ್ಣೆ ಕುಡಿದಂತಿರುತ್ತಿತ್ತು. ಅಪ್ಪಣೆ ಅಂತ ಬೇರೆ ಬೇಕೆ?

ಎಂಟು ತಿಂಗಳ ಕೆಳಗೆ, ಓಡುವ ಸರಪಳಿಯಿಂದ ನೂಲುಧೂಳು ಕೀಳಲು ಹೋದ ಮಡಿಕೆಯಕ್ಕನ ರವಿಕೆಯ ತೋಳು ಸಿಕ್ಕಿಕೊಂಡಿತು. ಸರಪಳಿ ಕೈಯನ್ನು ಎಳೆದು ಹಲ್ಲುಗಾಲಿಯ ಮೇಲೆ ಮೊಣಕೈಯನ್ನು ಮಲಗಿಸಿತು. ಕೈ ಉಳಿಯಿತು, ಬೆರಳು ಐದೂ ಉಳಿದವು, ಕಿರುಬೆರಳು ಮಾತ್ರ ಮರಗಟ್ಟಿತು. ಮೊಣಕೈ ಹೋಯಿತು. ಪುಡಿಯಾದ ಕೀಲನ್ನು ತೆಗೆದರು, ಕೊಳೆತ ಮೂಳೆಯನ್ನು ಕೆರೆದರು, ಮತ್ತೆ ಕೊಳೆಯಿತು, ಮತ್ತೆ ಕೆರೆದರು. ಕಡೆಗೆ ಮೊಣಕೈ ಇದ್ದ ಜಾಗದಲ್ಲಿ ಮೂರು ಬೆರಳು ಅಗಲದ ಖಾಲಿ ಜಾಗ ಉಳಿಯಿತು. ಮುಂಗೈ ಅಲ್ಲಿಂದ ಕೆಳಕ್ಕೆ ಹಗ್ಗಕ್ಕೆ ಕಟ್ಟಿದ ಕೊಡದ ಹಾಗೆ ತೂಗುತ್ತಿತ್ತು. ಬೆರಳು ಆಡುತ್ತಿದ್ದವು, ಆದರೆ ಆಡುವ ಬೆರಳನ್ನು ಒಂದು ಕಡೆ ನಿಲ್ಲಿಸಲು ಆಗುತ್ತಿರಲಿಲ್ಲ.

"ಲೋಹದ ಕೀಲು ಹಾಕಬಹುದಿತ್ತು" ಎಂದರು ಡಾಕ್ಟರು. "ಆದ್ರೆ ನಿಮ್ಮ ಮೂಳೆ ಎರಡು ಸಲ ಕೊಳೆತಿದೆ, ಕೀಲು ನಿಲ್ಲಲ್ಲ. ಸೊಂಟದಿಂದ ಒಂದು ತುಂಡು ಮೂಳೆ ತೆಗೆದು ಈ ಜಾಗ ತುಂಬಿಸಿ, ಲೋಹದ ಪಟ್ಟಿ ಹಾಕಿ, ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಬೆಸುಗೆ ಹಾಕ್ತೀನಿ. ಗಟ್ಟಿಯಾಗಿ ನಿಲ್ಲುತ್ತೆ. ಆದ್ರೆ ಮಡಿಚಲ್ಲ, ಚಾಚಲ್ಲ. ಒಂದೇ ಕೋನ, ಸಾಯೋವರೆಗೂ. ಅದಕ್ಕೇ ಕೇಳ್ತಿರೋದು, ಯಾವ ಕೋನ ಅಂತ."

ಆಮೇಲೆ ಅವರು ಅವಳ ಕೈಗೆ ಒಂದು ಕವಚ ತೊಡಿಸಿದರು. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ತೊಟ್ಟಿ, ನಡುವೆ ಗಡಿಯಾರದ ಮುಖದಂಥ ಒಂದು ಬಿಲ್ಲೆ, ಅದರ ಸುತ್ತ ಅಂಕಿಗಳು. ಬಿಲ್ಲೆ ಒತ್ತಿ ತಿರುಗಿಸಿದರೆ ಕಟಕ್ ಕಟಕ್ ಎಂದು ಕೋನ ಬದಲಾಗಿ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಕೈ ನೇರವಿದ್ದರೆ ಸೊನ್ನೆ, ಮಡಿಚಿದಷ್ಟೂ ಅಂಕಿ ಹೆಚ್ಚು.

"ತೊಂಬತ್ತರಲ್ಲಿ ಇಟ್ರೆ ಮೇಜಿನ ಮೇಲಿನ ಕೆಲಸಕ್ಕೆಲ್ಲ ಚೆನ್ನಾಗಿರುತ್ತೆ. ಆದ್ರೆ ಬಾಯಿ ಮುಟ್ಟಲ್ಲ. ನೂರಹತ್ತರಲ್ಲಿ ಇಟ್ರೆ, ತಲೆ ಸ್ವಲ್ಪ ಬಗ್ಗಿಸಿದ್ರೆ ಬಾಯಿಗೆ, ಮುಖಕ್ಕೆ ಬರುತ್ತೆ. ಆದ್ರೆ ಮೇಜಿನ ಕೆಲಸ ಕಷ್ಟ. ಎರಡನ್ನೂ ಒಂದೊಂದು ವಾರ ಹಾಕ್ಕೊಂಡು ಬದುಕಿ ನೋಡಿ. ಆಪರೇಷನ್ ದಿನ ಬೆಳಿಗ್ಗೆ ಬಿಲ್ಲೆ ಯಾವ ಅಂಕಿಯಲ್ಲಿರುತ್ತೋ ಅದನ್ನೇ ಕಾಗದದಲ್ಲಿ ಬರ್ಕೊಳ್ತೀನಿ. ಅಲ್ಲಿವರೆಗೂ ಮನಸ್ಸು ಬದಲಾಯಿಸೋ ಹಕ್ಕು ನಿಮ್ಮದು. ಯಾರೂ ಒತ್ತಾಯ ಮಾಡ್ಬಾರ್ದು ಅಂತ ನಾನು ಹೀಗೆ ಇಟ್ಕೊಂಡಿದೀನಿ."

ಒಳ್ಳೆಯ ಮನುಷ್ಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಈ ಕಥೆಯಲ್ಲಿ ಹಾಳಾದದ್ದೆಲ್ಲ ಕೆಟ್ಟವರಿಂದಲೇ ಹಾಳಾಗಿದ್ದರೆ ಹೇಳುವುದೂ ಸುಲಭವಿತ್ತು.

ಮೊದಲ ವಾರ ನೂರಹತ್ತು. ಮನೆಗೆ ಬಂದು ಹೊಸ್ತಿಲು ದಾಟುವ ಮೊದಲೇ ಅವಳ ಮೂಗು ತುರಿಸಿತು. ಬಲಗೈ ಎದ್ದಿತು, ತಲೆ ಬಾಗಿತು, ಬೆರಳು ಮೂಗನ್ನು ಮುಟ್ಟಿತು. ಅವಳು ಅಲ್ಲೇ ನಿಂತು ಮೂಗನ್ನು ಕೆಂಪಗಾಗುವವರೆಗೆ ತುರಿಸಿಕೊಂಡಳು. ಜೆರಾಕ್ಸ್ ಅಂಗಡಿಯಿಂದ ಬಂದ ಮಗಳು ನೋಡಿದರೆ, ಅಮ್ಮ ಹೊಸ್ತಿಲ ಮೇಲೆ ಕೂತು ಮೂಗು ಹಿಡಿದುಕೊಂಡು ನಗುತ್ತಿದ್ದಾಳೆ.

"ಏನಮ್ಮ, ನೆಗಡಿನಾ?"

"ಮೂಗು ಸಿಕ್ತು ಕಣೇ" ಅಂದಳು ಮಡಿಕೆಯಕ್ಕ.

ಆ ವಾರ ಅವಳು ಕಳೆದುಹೋದ ಊರಿಗೆ ವಾಪಸ್ಸು ಬಂದವಳ ಹಾಗೆ ತನ್ನ ಮುಖದ ಮೇಲೆಲ್ಲ ಓಡಾಡಿದಳು. ಹುಬ್ಬು ತೀಡಿದಳು. ಕಿವಿಯ ಓಲೆ ತಿರುಗಿಸಿದಳು. ಬಲಗೈಯಲ್ಲಿ ಚಮಚ ಹಿಡಿದು ಉಂಡಳು. ಅರ್ಧ ಮಡಿಲಿಗೆ ಬಿತ್ತು, ಇನ್ನರ್ಧ ಬಾಯಿಗೆ ಹೋಯಿತು. ಎಂಟು ತಿಂಗಳು ಎಡಗೈಯ ದಯೆಯಲ್ಲಿದ್ದ ಬಾಯಿ ಅದು. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಂಡವಳ ಮೇಲೆ ಅವಳಿಗೆ ಯಾಕೋ ಪ್ರೀತಿ ಬಂತು.

ಎರಡನೇ ವಾರ ತೊಂಬತ್ತು. ಅದನ್ನು ಕಾರ್ಖಾನೆಯಲ್ಲೇ ನೋಡಬೇಕೆಂದು ಗಂಟೆಗೆಷ್ಟು ಹೇಳಿಕಳುಹಿಸಿದ್ದ. ಹೇಳಿಕಳುಹಿಸಿದ್ದು ಅವಳ ತಮ್ಮನ ಕೈಯಲ್ಲಿ. ತಮ್ಮ ಅದೇ ಕಾರ್ಖಾನೆಯ ವ್ಯಾನ್ ಡ್ರೈವರ್; ಮಡಚಿದ ಬಟ್ಟೆ ಆಸ್ಪತ್ರೆಗಳಿಗೆ ಮುಟ್ಟಿಸುವವನು, ಅಕ್ಕನ ಶಿಫಾರಸಿನಿಂದಲೇ ಕೆಲಸಕ್ಕೆ ಸೇರಿದವನು.

ಮೇಜಿನ ಮುಂದೆ ನಿಂತಳು. ಮೊಣಕೈ ಪಕ್ಕೆಗೆ ಸೇರಿತು, ಮುಂಗೈ ಮೇಜಿನ ಮೇಲೆ ಹಲಗೆಯ ಹಾಗೆ ಕೂತಿತು. ಒಂದು ಹಾಸು ಎಳೆದಳು, ಎರಡು ಎಳೆದಳು. ಕವಚದ ಕೈಯಾದರೇನು, ಮಡಿಕೆ ಮೊದಲಿನ ಮಡಿಕೆಯೇ. ನಾಲ್ಕು ಅಂಚೂ ಒಂದರ ಮೇಲೊಂದು ಕೂತಿದ್ದವು. ಹೆಂಗಸರು ಸುತ್ತ ನೆರೆದರು. "ಅಯ್ಯೋ ಅಕ್ಕಾ, ಮಿಷನ್ನು ಕೈ ತಿಂದ್ರೂ ಮಡಿಕೆ ತಿನ್ಲಿಲ್ವಲ್ಲೇ!" ಅಂದಳು ಒಬ್ಬಳು. ಗಂಟೆಗೆಷ್ಟು ಗಡಿಯಾರ ಹಿಡಿದು ನಿಂತಿದ್ದ. ಆಮೇಲೆ ಅವನೇ ಬಿಲ್ಲೆಯನ್ನು ನೂರಹತ್ತಕ್ಕೆ ತಿರುಗಿಸಿ, "ಈಗ ಮಡ್ಚು" ಅಂದ. ಕೈ ಮೇಜಿನಿಂದ ಮೇಲಕ್ಕೆದ್ದಿತು. ಬಟ್ಟೆ ಮುಟ್ಟಲು ಅವಳು ಸೊಂಟ ಮುರಿದು ಬಗ್ಗಬೇಕಾಯಿತು. ಅರ್ಧದಷ್ಟೂ ಆಗಲಿಲ್ಲ. ಅವನೇ ಬಿಲ್ಲೆಯನ್ನು ಮತ್ತೆ ತೊಂಬತ್ತಕ್ಕೆ ತಂದ.

"ನೋಡಮ್ಮ, ನಾನು ಯಾರಿಗೂ ಹೀಗೇ ಮಾಡು ಅನ್ನೋನಲ್ಲ" ಅಂದ ಅವನು. "ಆಪರೇಷನ್ನು ಕಂಪನಿ ಮಾಡಿಸ್ತಿದೆ. ತೊಂಬತ್ತು ಆದ್ರೆ ಈ ಮೇಜು ನಿನ್ನದು. ಬೇರೆ ಏನಾದ್ರೂ ಆದ್ರೆ ನಿನಗೆ ಕೊಡೋಕೆ ನನ್ನ ಹತ್ರ ಇನ್ನೊಂದು ಮೇಜಿಲ್ಲ. ಆಸ್ಪತ್ರೆಗೂ ಒಂದು ಕಾಗದ ಕಳಿಸಿದೀನಿ, ಸುಮ್ನೆ, ಅವ್ರಿಗೆ ಗೊತ್ತಿರ್ಲಿ ಅಂತ."

ಆ ಸಂಜೆ ತಮ್ಮ ಮನೆಗೆ ಬಂದ. ಚಹಾ ಲೋಟ ಕೆಳಗಿಡುವ ಮೊದಲೇ ಶುರು ಹಚ್ಚಿಕೊಂಡ.

"ಅಕ್ಕ, ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ತೊಂಬತ್ತು ಅಂದುಬಿಡು."

"ಬಾಯಿಗೆ ಬರಲ್ಲ ಕಣೋ."

"ಬಾಯಿಗೆ ಎಡಗೈ ಇದ್ಯಲ್ಲ? ಮೂಗು ತುರಿಸೋಕೆ, ಕಿವಿ ಕೆರ್ಕೊಳ್ಳೋಕೆ ಎಡಗೈ ಸಾಲ್ದಾ? ಮೂಗು ತುರಿಸ್ಬೇಕು ಅಂತ ಯಾರಾದ್ರೂ ಕೆಲಸ ಬಿಡ್ತಾರಾ?"

ಮಗಳು ಒಳಗಿಂದಲೇ ಕೂಗಿದಳು: "ಮಾಮ, ನಿನ್ನ ಬಲಗೈ ಕಟ್ಟಿಸ್ಕೊಂಡು ಒಂದು ವಾರ ಎಡಗೈಲೇ ವ್ಯಾನ್ ಓಡಿಸು ನೋಡಣ."

"ನೀನು ಸುಮ್ನಿರು. ದೊಡ್ಡೋರ ಮಾತಲ್ಲಿ ಮೂಗು ತೂರಿಸ್ಬೇಡ."

"ನನ್ನ ಮೂಗಾದ್ರೂ ತೂರಿಸ್ತೀನಿ ಬಿಡು. ಅಮ್ಮನ ಮೂಗಿಗೆ ನೀನೇ ರಜೆ ಕೊಟ್ಟಾಯ್ತಲ್ಲ."

ತಮ್ಮನಿಗೆ ನಗು ಬಂತು, ನುಂಗಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಅವನು ನನಗೂ ಹೇಳಿದಾನೆ ಅಕ್ಕ. 'ನಿಮ್ಮಕ್ಕನಿಗೆ ಬುದ್ಧಿ ಹೇಳು, ಇಲ್ಲಾಂದ್ರೆ ಈ ಮನೆತನದೋರ ಸಹವಾಸವೇ ಬೇಡ ಅನ್ನಿಸುತ್ತೆ' ಅಂದ. ನಾನೇನು ಮಾಡ್ಲಿ?"

ಮಡಿಕೆಯಕ್ಕ ಬಿಲ್ಲೆಯ ಅಂಕಿಗಳ ಮೇಲೆ ಎಡಗೈ ಬೆರಳು ಆಡಿಸಿದಳು. ಅವಳ ಮಾತು ತಮ್ಮನಿಗಿಂತ ಹೆಚ್ಚಾಗಿ ಆ ಕೈಗೇ ಹೇಳಿದಂತಿತ್ತು.

"ಇಪ್ಪತ್ತಾರು ವರ್ಷ ಇದು ಬೇರೆಯವರ ಹಾಸಿಗೆ ಕಡೆಗೇ ಚಾಚಿತ್ತು. ಯಾರ್ಯಾರೋ ಹೆತ್ತ ಹಾಸಿಗೆ, ಸತ್ತ ಹಾಸಿಗೆ. ಇನ್ನುಳಿದಿದ್ದು ಒಂದೇ ಕೋನ ಅಂದಮೇಲೆ ಅದು ನನ್ನ ಕಡೆಗೆ ತಿರುಗಿರ್ಲಿ. ಮೇಜಿಗೆ ಬೇರೆ ಯಾರಾದ್ರೂ ಸಿಗ್ತಾರೆ. ನನ್ನ ಬಾಯಿಗೆ ಇನ್ಯಾರು ಸಿಗ್ತಾರೆ? ನೂರಹತ್ತೇ."

ಎದ್ದು ಎಡಗೈಯಿಂದ ಬಿಲ್ಲೆ ತಿರುಗಿಸಿದಳು. ಕಟಕ್, ಕಟಕ್. ತಮ್ಮ ತಣ್ಣಗಾದ ಚಹಾ ಕುಡಿದು ಎದ್ದುಹೋದ. ಮಗಳು ಬಂದು ಅಮ್ಮನ ಬಲಗೈಗೆ ಒಂದು ಬಿಸ್ಕತ್ತು ಕೊಟ್ಟಳು. ಅದು ಒಂದು ಚೂರೂ ಮಡಿಲಿಗೆ ಬೀಳದೆ ಬಾಯಿಗೆ ಹೋಯಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಏಳಕ್ಕೇ ಅವಳನ್ನು ವಾರ್ಡಿಗೆ ತಂದು ಕೂರಿಸಿದ್ದರು. ಸರದಿ ಹನ್ನೊಂದಕ್ಕೆ. ಬಿಲ್ಲೆ ನೂರಹತ್ತರಲ್ಲಿ ಕಚ್ಚಿ ಕೂತಿತ್ತು. ಹಿಂದಿನ ಸಲ ಬಂದಾಗ ಡಾಕ್ಟರಿಗೂ ನೂರಹತ್ತೇ ಎಂದು ಹೇಳಿದ್ದಳು. ಮಗಳು ಕೆಳಗಡೆ ಕಾಗದ ಪತ್ರಗಳ ಕಿಟಕಿಯ ಮುಂದೆ ಸಾಲಿನಲ್ಲಿದ್ದಳು. ಮಡಿಕೆಯಕ್ಕನಿಗೆ ಹಸಿವು, ಹಿಂದಿನ ದಿನದಿಂದ ಹೊಟ್ಟೆ ಖಾಲಿ.

ಎಂಟೂವರೆಗೆ ಆಯಾ ಒಂದು ಗಾಡಿ ತಳ್ಳಿಕೊಂಡು ಬಂದಳು. ಗಾಡಿಯ ತುಂಬ ಹಾಸಿಗೆ ಬಟ್ಟೆ. ಅಂಚಿನಲ್ಲಿ ನೀಲಿ ಮುದ್ರೆ. ಮಡಿಕೆಯಕ್ಕನಿಗೆ ಆ ಮುದ್ರೆ ತನ್ನ ಹಣೆಬರಹಕ್ಕಿಂತ ಚೆನ್ನಾಗಿ ಗೊತ್ತು. ಅವಳ ಕಾರ್ಖಾನೆಯದೇ ಬಟ್ಟೆ. ಆದರೆ ಆ ಮಡಿಕೆ! ಒಂದು ಮೂಲೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ನಡುವೆ ಉಬ್ಬು. ಕಪಾಟಿಗೆ ತುರುಕಿದರೆ ನಾಲ್ಕು ಒಳಗೆ, ಎರಡು ನೆಲಕ್ಕೆ.

"ಮುಂಚೆ ಎಷ್ಟು ಚೆಂದ ಬರ್ತಿತ್ತು ಗೊತ್ತಾ" ಎಂದು ಆಯಾ ಗೊಣಗಿದಳು. "ಈಗ ಯಾವಳೋ ಹೊಸಬಳಂತೆ. ಮಡ್ಚಿದಾಳೋ, ಕೋಪಕ್ಕೆ ಹಿಂಡಿದಾಳೋ."

ಮಡಿಕೆಯಕ್ಕ ಮುಖ ಆಚೆ ತಿರುಗಿಸಿ ಕೂತಳು. ಕಿಟಕಿ ನೋಡಿದಳು, ಫ್ಯಾನು ನೋಡಿದಳು. ಎದುರು ಹಾಸಿಗೆಯಲ್ಲಿ ಸೊಂಟ ಮುರಿದ ಮುದುಕಿ. ಅವಳ ಕೆಳಗಿನ ಹಾಸೂ ಸುಕ್ಕುಸುಕ್ಕು. ಬೆರಳಿಗೆ ಏನೋ ಆಗತೊಡಗಿತು. ಅಡುಗೆ ಮಾಡುವವಳು ಹೊತ್ತುವ ವಾಸನೆ ತಡೆದುಕೊಂಡು ಕೂತರೂ ಕೂರಬಹುದು, ಇದು ಅವಳಿಂದಾಗಲಿಲ್ಲ.

"ಇಲ್ಲಿ ಕೊಡಿ ಒಂದ್ನಾಲ್ಕು" ಅಂದಳು. "ಇನ್ನೂ ಟೈಮಿದೆ."

ನೂರಹತ್ತರಲ್ಲಿ ಮುಂಗೈ ಬಟ್ಟೆಯ ಮೇಲೆ ಕೂರಲಿಲ್ಲ. ಎಡಗೈಯಿಂದ ಬಿಲ್ಲೆ ಒತ್ತಿದಳು. ಕಟಕ್, ಕಟಕ್. ತೊಂಬತ್ತು. ಆಮೇಲೆ ವಾಪಸ್ಸು ತಿರುಗಿಸಿದರಾಯಿತು. ಮಂಚದ ಮೇಲೆ ಹಾಸು ಹರವಿದಳು, ಮೊಣಕೈಯನ್ನು ಪಕ್ಕೆಗೆ ಸೇರಿಸಿದಳು, ಎಳೆದಳು. ಒಂದು. ಎರಡು. ಆಯಾ "ಅಯ್ಯೋ, ನೀವೇನಾ ಆ ಮುಂಚಿನೋರು!" ಎಂದು ಬಾಯಿ ತೆರೆದು ನಿಂತಳು. ಎದುರಿನ ಮುದುಕಿ ಮಲಗಿದಲ್ಲಿಂದಲೇ "ಭೇಷ್" ಅಂದಳು. ಮಡಿಕೆಯಕ್ಕನ ಮುಖಕ್ಕೆ ಕಳೆ ಬಂತು. ಎಂಟು ತಿಂಗಳಲ್ಲಿ ಅವಳನ್ನು ಅಯ್ಯೋ ಪಾಪ ಅನ್ನದೆ ನೋಡಿದವರು ಇವರಿಬ್ಬರೇ. ನಾಲ್ಕು ಎಂದವಳು ಇಪ್ಪತ್ತೆರಡು ಮಡಚಿದಳು. ಹಸಿವು ಮರೆತಳು. ಬಿಲ್ಲೆಯನ್ನೂ ಮರೆತಳು.

ಒಂಬತ್ತಕ್ಕೆ ನರ್ಸು ಓಡಿಬಂದಳು. ಮೊದಲ ರೋಗಿಗೆ ಜ್ವರ, ಅವರ ಸರದಿ ಹಿಂದಕ್ಕೆ ಹೋಗಿದೆ, ಈಗ ನೀವೇ. ಮಲಗಿ, ಮಲಗಿ. ಎಡಗೈಗೆ ಸೂಜಿ ಚುಚ್ಚಿ, ಹಲಗೆಗೆ ಪಟ್ಟಿ ಹಾಕಿ, ಬಾಟಲಿ ನೇತುಹಾಕಿದರು. ಆ ಸೂಜಿಯಲ್ಲಿ ಏನಿತ್ತೋ, ಗಾಡಿ ಬಾಗಿಲು ದಾಟುವಷ್ಟರಲ್ಲಿ ನಾಲಿಗೆ ನೆನೆದ ಬಟ್ಟೆಯ ಹಾಗೆ ಭಾರವಾಯಿತು. ಮೇಲಿನ ದೀಪಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು. ಐದನೆಯದೋ ಆರನೆಯದೋ ದೀಪದ ಕೆಳಗೆ ಅವಳಿಗೆ ನೆನಪಾಯಿತು.

ಬಿಲ್ಲೆ.

ಎಡಗೈ ಎತ್ತಲು ನೋಡಿದಳು, ಹಲಗೆಗೆ ಕಟ್ಟಿತ್ತು. ಹೇಳಲು ನೋಡಿದಳು, ತುಟಿ ಅಲುಗಿತು, ದನಿ ಎಲ್ಲೋ ಹೊಟ್ಟೆಯ ತಳದಲ್ಲಿ ಉಳಿಯಿತು. ಹಸಿರು ಟೊಪ್ಪಿಗೆಯ ಡಾಕ್ಟರು ಬಾಗಿದರು. ಕವಚ ಬಿಚ್ಚುವ ಮೊದಲು ಬಿಲ್ಲೆ ನೋಡಿದರು.

"ತೊಂಬತ್ತು" ಅಂದರು ಪಕ್ಕದವರಿಗೆ. "ನೂರಹತ್ತು ಅಂತಿದ್ರು. ಎಲ್ರೂ ಕೊನೆಗೆ ಕೆಲ್ಸಾನೇ ಆರಿಸ್ಕೊಳ್ಳೋದು. ಕಂಪನಿ ಕಾಗದದಲ್ಲೂ ಅದೇ ಇದೆಯಲ್ಲ? ಬರ್ಕೊಳ್ಳಿ."

ನೇರಳೆ ಪೆನ್ನಿನ ತಣ್ಣನೆಯ ಮೊನೆ ಅವಳ ತೋಳಿನ ಮೇಲೆ ಗೆರೆ ಎಳೆಯಿತು. ಎಳೆದದ್ದು ಗೊತ್ತಾಯಿತು. ಆಮೇಲೆ ಏನೂ ಗೊತ್ತಾಗಲಿಲ್ಲ.

ಎಚ್ಚರವಾದಾಗ ಕೈ ಬಿಳಿ ಬ್ಯಾಂಡೇಜಿನಲ್ಲಿ ಎದೆಯಿಂದ ಆಚೆಗೆ ಮುಖ ಮಾಡಿ ನಿಂತಿತ್ತು. ಮಗಳು ತನ್ನ ಕೈ ಅಗಲಿಸಿ ಅಮ್ಮನ ಬೆರಳ ತುದಿಯಿಂದ ಬಾಯಿಯವರೆಗೆ ಅಳೆದಳು. ಒಂದು ಗೇಣು. ಇನ್ನೊಮ್ಮೆ ಅಳೆದಳು. ಅದೇ ಗೇಣು.

ಡಾಕ್ಟರಿಗೆ ವಿಷಯ ತಿಳಿದಾಗ ಅವರ ಮುಖ ಇಳಿಯಿತು. "ಮತ್ತೆ ಬಿಚ್ಚಿ ಬೆಸೆಯೋದು ಅಪಾಯ. ಎರಡು ಸಲ ಕೊಳೆತ ಮೂಳೆ. ಕೈಯೇ ಹೋದ್ರೂ ಹೋಗ್ಬಹುದು" ಅಂದರು. ಕಾಗದದ ಮೇಲಿನ ಅಂಕಿಯನ್ನು ಇನ್ನೊಮ್ಮೆ ನೋಡಿ, "ಅವ್ರು ಬಟ್ಟೆ ಮಡಿಚೋಕೆ ತಿರುಗಿಸಿದ್ರು ಅಂತ ನನಗೆ ಹೇಗೆ ಗೊತ್ತಾಗ್ಬೇಕಮ್ಮ?" ಅಂದರು.

"ಕೇಳಿದ್ರೆ ಗೊತ್ತಾಗ್ತಿತ್ತು ಸಾರ್" ಅಂದಳು ಮಗಳು. "ಸೂಜಿ ಚುಚ್ಚೋ ಮುಂಚೆ. ನೀವು ಬಿಲ್ಲೆನ ಕೇಳಿದ್ರಿ."

ಮಡಿಕೆಯಕ್ಕ ಯಾರನ್ನೂ ಬಯ್ಯಲಿಲ್ಲ. ಬಯ್ಯುವುದಾದರೆ ಯಾರನ್ನು? ಆಪರೇಷನ್ನಿನ ಬೆಳಿಗ್ಗೆ ಅವಳ ಪಕ್ಕದಲ್ಲಿ ಗಂಟೆಗೆಷ್ಟು ಇರಲಿಲ್ಲ, ತಮ್ಮ ಇರಲಿಲ್ಲ. ಬಿಲ್ಲೆ ತಿರುಗಿಸಿದ್ದು ಅವಳದೇ ಎಡಗೈ. ಇಪ್ಪತ್ತಾರು ವರ್ಷ ತೀಡಿ ತೀಡಿ ಅವಳೊಳಗೇ ಒಬ್ಬ ಸೂಪರ್‌ವೈಸರನನ್ನು ಕೂರಿಸಿಬಿಟ್ಟಿದ್ದರು. ಹೊರಗಿನವನು ಬರುವ ಅಗತ್ಯವೇ ಬೀಳಲಿಲ್ಲ.

ಮೂಳೆ ಕೂಡಿತು. ಐದನೇ ತಿಂಗಳಿಗೆ ಕೆಲಸಕ್ಕೆ ಹೋದಳು. ಗಂಟೆಗೆಷ್ಟು ಬಾಗಿಲಿಗೇ ಬಂದು ಎದುರುಗೊಂಡ. "ನೋಡ್ದಾ, ಒಳ್ಳೇ ಬುದ್ಧಿ ಬಂತಲ್ಲ ಕೊನೇಗೆ!" ಅಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಮೇಜಿಗೂ ಕೈಗೂ ಗೆರೆ ಕೊರೆದ ಹಾಗೆ ಹೊಂದಾಣಿಕೆ. ಗಂಟೆಗೆ ಎಂಬತ್ತೆಂಟು. ಅಪ್ರನ್ನಿನ ದಾರವನ್ನು ಕುತ್ತಿಗೆಯ ಹಿಂದೆ ಕಟ್ಟಿಕೊಳ್ಳಲು ಮಾತ್ರ ಆಗುತ್ತಿರಲಿಲ್ಲ, ಯಾರಾದರೂ ಕಟ್ಟಬೇಕು. ಊಟದ ಹೊತ್ತಿಗೆ ಎಡಗೈಯಲ್ಲಿ ಚಮಚ. ವ್ಯಾನಿನ ಹತ್ತಿರ ನಿಂತ ತಮ್ಮ ಆ ಹೊತ್ತಿಗೆ ಸರಿಯಾಗಿ ಟೈರು ನೋಡುತ್ತಿದ್ದ.

ಎರಡನೇ ವಾರ ಗಂಟೆಗೆಷ್ಟು ನಾಲ್ವರು ಹೊಸ ಹುಡುಗಿಯರನ್ನು ಅವಳ ಮೇಜಿನ ಮುಂದೆ ಸಾಲಾಗಿ ನಿಲ್ಲಿಸಿದ. ಅವರ ಜೊತೆ ಆ ಹಿಂದಿನ ಹೊಸಬಳೂ ಇದ್ದಳು, ಪೂರ್ವ ಪಶ್ಚಿಮ ಮಡಿಕೆಯವಳು. ಇಪ್ಪತ್ತು ದಾಟದ, ಕಣ್ಣು ತುಂಬ ನಿದ್ದೆಯ ಹುಡುಗಿ. ಈಗ ಅವಳನ್ನು ಮಿಷನ್ನಿಗೆ ಹಾಕಿದ್ದರು.

"ಈ ಮೊಣಕೈ ನೋಡಿ" ಎಂದು ಅವನು ಮಡಿಕೆಯಕ್ಕನ ತೋಳನ್ನು ಅಂಗಡಿಯ ಸಾಮಾನಿನ ಹಾಗೆ ಮುಟ್ಟಿ ತೋರಿಸಿದ. "ಅಳ್ಳಾಡುತ್ತಾ? ಇಲ್ಲ. ನಿಮ್ಮದೂ ದಿನವೆಲ್ಲ ಹೀಗೇ ಇರ್ಬೇಕು. ಇದೇ ನಮ್ಮ ಅಳತೆ. ಏನಮ್ಮ, ಇವ್ರಿಗೆ ಹೇಳ್ಕೊಡು."

ಮಡಿಕೆಯಕ್ಕ ಐದೂ ಮುಖ ನೋಡಿದಳು.

"ಎಲ್ರೂ ಬಲಗೈಲಿ ಮೂಗು ಮುಟ್ಕೊಳ್ಳಿ" ಅಂದಳು.

ಹುಡುಗಿಯರು ಕಿಸಕ್ಕನೆ ನಕ್ಕರು. ನಗುತ್ತಲೇ ಮುಟ್ಟಿಕೊಂಡರು.

"ಮುಟ್ತಾ?"

"ಮುಟ್ತು ಅಕ್ಕ."

"ನಂದು ಮುಟ್ಟಲ್ಲ" ಎಂದು ಹೇಳಿ, ಕೈ ಎತ್ತಿ ತೋರಿಸಿದಳು. ಮೂಗಿನ ಮುಂದೆ ಗಾಳಿಯಲ್ಲಿ ನಿಂತ ಬೆರಳುಗಳನ್ನು ನೋಡಿ ಅವರ ನಗು ನಿಂತಿತು. "ಇದು ಮೊದಲ್ನೇ ಪಾಠ. ಎರಡನೇದು ಅಲ್ಲಿದೆ."

ಮಿಷನ್ನಿನ ತಗಡಿನ ಬಾಗಿಲು ಎಂದಿನಂತೆ ತೆರೆದಿತ್ತು. ಒಳಗೆ ಹೊಸ ಬಾಯಿಪಟ್ಟಿ, ಅಂಚಿನಲ್ಲಿ ನೀಲಿ ಮುದ್ರೆ ಕೂಡ ಇದ್ದ ಒಳ್ಳೆಯ ಪಟ್ಟಿ. ನಿದ್ದೆಗಣ್ಣಿನ ಹುಡುಗಿ ಆಗಲೇ ಅಲ್ಲಿಗೆ ಹೋಗಿ, ಓಡುವ ಸರಪಳಿಯ ಪಕ್ಕ ಬಗ್ಗಿ, ನೂಲುಧೂಳಿನ ಮುದ್ದೆಗೆ ಬರಿಗೈ ಹಾಕುವುದರಲ್ಲಿದ್ದಳು. ಮಡಿಕೆಯಕ್ಕ ನೂಲು ಕತ್ತರಿಸುವ ಕತ್ತರಿಯನ್ನು ಬಲಗೈಯಲ್ಲಿ ಹಿಡಿದೇ ಹೋದಳು. ಎಡಗೈಯಿಂದ ಹುಡುಗಿಯ ಭುಜ ಹಿಡಿದು ಹಿಂದಕ್ಕೆಳೆದಳು. ಬಲಗೈ ತಾನಿದ್ದ ಕೋನದಲ್ಲೇ ನೇರ ಸ್ವಿಚ್ಚಿನವರೆಗೆ ಹೋಯಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ. ಕತ್ತರಿ ಕಚ್ಚಿತು, ಪಟ್ಟಿ ಬಿಟ್ಟುಕೊಂಡಿತು. ಲಾರಿಯಷ್ಟು ಉದ್ದದ ಮಿಷನ್ ನರಳಿ, ನಿಧಾನಿಸಿ, ನಿಂತಿತು. ಎಂದೂ ಕೇಳದ ಸದ್ದೊಂದು ಕೇಳಿಸಿತು: ದೂರದ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು.

ಗಂಟೆಗೆಷ್ಟು ಓಡಿಬಂದ. "ಏನು ಮಾಡ್ದೆ? ತಲೆ ಕೆಟ್ಟಿದೆಯಾ ನಿಂಗೆ? ಆಪರೇಷನ್ ಮಾಡಿಸಿದೋರು ನಾವು, ಆ ಕೈ ಕೊಟ್ಟೋರು ನಾವು!"

"ಹೌದು ಸಾರ್. ನೀವು ಕೊಟ್ಟ ಕೈನೇ ಇದು. ನನ್ನ ಬಾಯಿಗೆ ಬರಲ್ಲ. ನಿಮ್ಮ ಸ್ವಿಚ್ಚಿಗೆ ಚೆನ್ನಾಗಿ ಬರುತ್ತೆ."

ಯಾರೋ ಹೆಂಗಸು ನಗು ತಡೆಯಲಾರದೆ ಕೆಮ್ಮಿದಳು. ಅಷ್ಟೇ. ಮಿಷನ್ ಸುತ್ತ ಮೂವತ್ತು ಹೆಂಗಸರಿದ್ದರು. ಒಬ್ಬಳೂ ಮುಂದೆ ಬರಲಿಲ್ಲ. ಗಂಟೆಗೆಷ್ಟು ಒಂದು ಹಾಸನ್ನು ಹಲ್ಲಿನಿಂದ ಕಚ್ಚಿ ಸೀಳಿದ, ಬಗ್ಗಿದ, ತನ್ನ ಎರಡೂ ಕೈಯಿಂದ ಸ್ವಿಚ್ಚು ಕಟ್ಟಿದ. ಅವನು ಕಟ್ಟಿದ್ದನ್ನು ಅವರು ನೋಡಿದ್ದು ಅದೇ ಮೊದಲು. ಅಚ್ಚುಕಟ್ಟಾದ ಗಂಟು, ಕಲಿತ ಕೈ. ಹನ್ನೊಂದು ನಿಮಿಷಕ್ಕೆ ಉರುಳೆ ಕಾಯಿತು, ಮಿಷನ್ ಎದ್ದಿತು.

"ಮನೆಗೆ ಹೋಗು" ಅಂದ ಅವನು. "ನಾಳೆಯಿಂದ ಬರ್ಬೇಡ."

ಅಪ್ರನ್ನಿನ ದಾರ ಬಿಚ್ಚಲು ಅವಳ ಕೈ ಕುತ್ತಿಗೆಯ ಹಿಂದಕ್ಕೆ ಹೋಗುವಂತಿರಲಿಲ್ಲ. ನಿದ್ದೆಗಣ್ಣಿನ ಹುಡುಗಿ ಸದ್ದಿಲ್ಲದೆ ಬಂದು ಬಿಚ್ಚಿದಳು. ಬಿಚ್ಚಿ, ಮಡಚಿ ಕೊಟ್ಟಳು. ಮಡಿಕೆ ಸೊಟ್ಟಗಿತ್ತು. ಮಡಿಕೆಯಕ್ಕ ಅದನ್ನು ಸರಿ ಮಾಡಲಿಲ್ಲ. ಹುಡುಗಿ ವಾಪಸ್ಸು ಹೋಗಿ ಸರಪಳಿಯ ಮುಂದೆ ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು ನಿಂತಳು. ಎಷ್ಟು ಹೊತ್ತು ಹಾಗೆ ನಿಲ್ಲುತ್ತಾಳೋ.

ಅಪ್ರನ್ನನ್ನು ಮೇಜಿನ ಮೇಲಿಟ್ಟು ಮಡಿಕೆಯಕ್ಕ ಗೇಟು ದಾಟಿದಳು. ಬಿಸಿಲು ಮುಖಕ್ಕೆ ಹೊಡೆಯಿತು. ಕಣ್ಣಿನಿಂದಲೋ ಹಣೆಯಿಂದಲೋ ಇಳಿದ ನೀರು ಮೂಗಿನ ಪಕ್ಕದಲ್ಲಿ ಕಚಗುಳಿಯಿಟ್ಟಿತು. ಹಳೇ ಅಭ್ಯಾಸಕ್ಕೆ ಬಲಗೈ ಎದ್ದಿತು. ಎದ್ದು, ಮುಖದಿಂದ ಒಂದು ಗೇಣು ದೂರದಲ್ಲಿ ರಸ್ತೆಯ ಕಡೆ ಚಾಚಿಕೊಂಡು ನಿಂತಿತು.

ಅದೇ ಹೊತ್ತಿಗೆ ಗೇಟಿನಿಂದ ಹೊರಬಂದ ವ್ಯಾನು, ಅವಳು ನಿಲ್ಲಿಸು ಅಂದಳೇನೋ ಎಂದು ಪಕ್ಕದಲ್ಲಿ ನಿಂತಿತು. ತಮ್ಮ ಕಿಟಕಿ ಇಳಿಸಿದ. ಅವನ ಹಿಂದೆ, ಬೆಳಿಗ್ಗೆಯಿಂದ ಅವಳು ಮಡಚಿದ ಮುನ್ನೂರು ಹಾಸುಗಳು ಒಂದಂಚೂ ಹೊರಗೆ ಬಾರದಂತೆ ಕೂತಿದ್ದವು.

"ಎಲ್ಲಾ ಕೇಳ್ದೆ" ಅಂದ ಅವನು. "ಯಾಕಕ್ಕ ಹೀಗ್ ಮಾಡ್ದೆ?"

"ಮೂಗು ತುರಿಸ್ತಿದೆ ಕಣೋ" ಅಂದಳು ಮಡಿಕೆಯಕ್ಕ. ಕಿಟಕಿಯ ಹತ್ತಿರಕ್ಕೆ ಬಂದು ಮುಖ ಒಡ್ಡಿದಳು. "ಸ್ವಲ್ಪ ತುರಿಸು."

ಅವಳ ಎಡಗೈ ಖಾಲಿಯಿತ್ತು. ಅದು ಇಬ್ಬರಿಗೂ ಕಾಣುತ್ತಿತ್ತು.

ತಮ್ಮ ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಹಿಂದಿನ ಗಾಡಿ ಹಾರ್ನು ಹೊಡೆಯಿತು. ಅವಳು ಕದಲಲಿಲ್ಲ. ಅವನು ಸ್ಟೀರಿಂಗಿನಿಂದ ಕೈ ತೆಗೆದು, ಕಿಟಕಿಯಿಂದ ಹೊರಕ್ಕೆ ಚಾಚಿ, ಅಕ್ಕನ ಮೂಗನ್ನು ತುರಿಸಿದ.

"ಅಲ್ಲಲ್ಲ" ಅಂದಳು ಅವಳು. "ಇನ್ನೂ ಸ್ವಲ್ಪ ಮೇಲೆ."